ಕುನ್ನಿಯ ಮೈ ತೊಳೆದ ಪ್ರಸಂಗ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಕನ್ನಡ ಪಂಡಿತನಾದವನು ಕೇಶಿರಾಜನ ಸಂಧಿಪ್ರಕರಣವನ್ನೋ ಷಟ್ಪದಿಯ ಲಕ್ಷಣವನ್ನೋ ಕುರಿತು ಬರೆಯುವನೆಂದು ಅವರು ಎಣಿಸಿದ್ದಿರಬೇಕು. ಅವೆರಡನ್ನೂ ಹಿಂದಿನ ಸಂಚಿಕೆಗಳಲ್ಲಿ ಬರೆದುದಾಗಿದೆ. ಈ ಸಲ ನಾಯಿಮರಿಯೊಂದರ ಮೈಗೆ ಒಗ್ಗುವ ಶಾಂಪೂವನ್ನು ಹುಡುಕಿದ ವೃತ್ತಾಂತವನ್ನು ಬರೆಯುತ್ತಿದ್ದೇನೆ. ವಿಷಯ ಅಲ್ಪವೆಂದು ಮೂಗು ಮುರಿಯುವವರು ಮಹಾಭಾರತದ ಆದಿಪರ್ವವನ್ನು ಒಮ್ಮೆ ತೆರೆದು ನೋಡಬಹುದು. ಜನಮೇಜಯನ ಸತ್ರಯಾಗದ ಬಳಿಗೆ ಬಂದ ನಾಯಿಮರಿಯೊಂದನ್ನು ಅವನ ತಮ್ಮಂದಿರು ಹೊಡೆದು ಅಟ್ಟಿದರು. ಅದು ಹವಿಸ್ಸಿಗೆ ಬಾಯಿ ಹಾಕಿರಲಿಲ್ಲ, ಅದರ ಕಡೆ ನೋಡಿರಲೂ ಇಲ್ಲ. ತಾಯಿ ಸರಮೆ ಬಂದು, ತಪ್ಪಿಲ್ಲದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳಿದಳು, ಯಾರೂ ಉತ್ತರ ಕೊಡಲಿಲ್ಲ, ಶಾಪವಿತ್ತು ಹೋದಳು. ಅಷ್ಟು ದೊಡ್ಡ ಗ್ರಂಥದಲ್ಲಿ ಜನಮೇಜಯನ ಕಥೆ ತೊಡಗುವುದೇ ಆ ಮರಿಯ ಅಳುವಿನಿಂದ.

ಎಂಟನೆಯ ತರಗತಿಯಲ್ಲಿ ಆತಕೂರು ಶಾಸನವನ್ನು ಪ್ರಸಂಗವಶಾತ್ ಹೇಳುವುದು ನನ್ನ ವಾಡಿಕೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಕಲ್ಲು ಅದು. ಚೋಳರೊಡನೆ ನಡೆದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ, ಬೇಕಾದುದನ್ನು ಬೇಡೆಂದು ರಾಷ್ಟ್ರಕೂಟರ ಮೂರನೆಯ ಕೃಷ್ಣ ಹೇಳಿದಾಗ, ಆ ವೀರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಡನೆ ಸೆಣಸಿ, ಹಂದಿಯೂ ತಾನೂ ಕೂಡಿಯೇ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಈ ಕಥೆ ಹೇಳಿದ ದಿನ ಹುಡುಗರು ಗಲಾಟೆ ಮಾಡುವುದಿಲ್ಲ. ಕಳೆದ ವರ್ಷ ಇದನ್ನು ಹೇಳಿದ ಮರುವಾರವೇ ಒಬ್ಬ ಬಾಲಕ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಅದರೊಳಗೆ ಕಂದುಬಣ್ಣದ ಹೆಣ್ಣು ಕುನ್ನಿ. "ಗುರುಗಳೇ, ಇದರ ಹೆಸರು ಕಾಳಿ" ಎಂದ. ಬಣ್ಣಕ್ಕೂ ಹೆಸರಿಗೂ ಹೊಂದಿಕೆಯಿರಲಿಲ್ಲ. ಆದರೆ ಪಾಠವನ್ನು ಇಷ್ಟು ಮನಸ್ಸಿಟ್ಟು ಕೇಳಿದವನನ್ನು ತಿದ್ದುವುದು ಹೇಗೆ?

ಆ ಹುಡುಗನ ತಂದೆ ಕಲಬುರಗಿಯ ಕಡೆಯವರು. ಪೀಣ್ಯ ಎರಡನೆಯ ಹಂತದ ಸಣ್ಣದೊಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವ ಕೆಲಸ. ಆ ಶೆಡ್ಡಿನ ಹಿಂದೆ ಎಣ್ಣೆ ಒರೆಸಿ ಎಸೆದ ಕಾಟನ್ ವೇಸ್ಟಿನ ರಾಶಿಯ ಮೇಲೆ ಬೀದಿನಾಯಿಯೊಂದು ಈದು, ಹತ್ತಾರು ದಿನಗಳಲ್ಲಿ ಲಾರಿಗೆ ಸಿಕ್ಕಿ ಸತ್ತಿತು. ಉಳಿದದ್ದು ಈ ಒಂದು ಮರಿ. ಹುಡುಗ ತಿಂಗಳ ಮೇಲೆ ಹಾಲೆರೆದು ಬದುಕಿಸಿದ್ದ. ಅವರಿರುವ ಬಾಡಿಗೆ ಕೋಣೆಯ ಮಾಲೀಕರು ನಾಯಿಯನ್ನು ಸಾಕಕೂಡದೆಂದು ಕಟ್ಟುನಿಟ್ಟಾಗಿ ಹೇಳಿದ್ದರಿಂದ, ಅಂಗಳವುಳ್ಳ ನಮ್ಮ ಮನೆ ಅವನ ಕಣ್ಣಿಗೆ ಬಿದ್ದಿತ್ತು.

ಮರಿಯ ಹೊಟ್ಟೆ, ತೊಡೆಯ ಒಳಭಾಗ, ಕಂಕುಳುಗಳೆಲ್ಲ ಕೆಂಪಾಗಿದ್ದವು. ನಿಂತಲ್ಲಿ ನಿಲ್ಲದೆ ಕೆರೆದುಕೊಳ್ಳುತ್ತಿತ್ತು. ಕೆಲವೆಡೆ ರಕ್ತ ಜಿನುಗಿತ್ತು. ಎಂಬತ್ತು ದಾಟಿದ ನನ್ನ ತಾಯಿ ಪೆಟ್ಟಿಗೆಯೊಳಗೆ ಇಣುಕಿ ನೋಡಿ, "ಇದು ಕಜ್ಜಿ ಕಣಪ್ಪಾ. ಮನೆಯಲ್ಲಿ ಹಸುಗೂಸು ಇದೆ" ಎಂದರು. ಆಗ ನನ್ನ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ನಲವತ್ತು ದಿನ. ಹುರುಕುಹುಳುವಿನ ಕಜ್ಜಿ ನಾಯಿಯಿಂದ ಮನುಷ್ಯರಿಗೂ ಹತ್ತುತ್ತದೆ. ತಾಯಿಯವರ ಮಾತಿನಲ್ಲಿ ತೆಗೆದುಹಾಕುವಂಥದು ಏನೂ ಇರಲಿಲ್ಲ. ಕಜ್ಜಿಯೆಂದು ನಿಶ್ಚಯವಾದರೆ ಮರಿ ಮನೆಯಲ್ಲಿ ಇರುವಂತಿಲ್ಲ, ಅಲ್ಲಿಯವರೆಗೆ ಹಿತ್ತಲ ಕೊಟ್ಟಿಗೆಯ ಮೂಲೆಯಲ್ಲಿರಲಿ ಎಂಬುದು ಅವರ ತೀರ್ಪು. ಹುಡುಗ ಎಲ್ಲವನ್ನೂ ಬಾಗಿಲಲ್ಲಿ ನಿಂತೇ ಕೇಳಿಸಿಕೊಂಡ. ಅವನು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಉಪದೇಶಕ್ಕೆ ನಮ್ಮ ಊರುಗಳಲ್ಲಿ ಬರವಿಲ್ಲ. ಎದುರುಮನೆಯವರು, ಗ್ಯಾರೇಜಿನಿಂದ ಸುಟ್ಟ ಇಂಜಿನ್ ಆಯಿಲ್ ತಂದು ಹಚ್ಚಿದರೆ ಮೂರೇ ದಿನಕ್ಕೆ ವಾಸಿ ಎಂದರು. ಈ ಮದ್ದು ಬಹಳ ಕಡೆ ಬಳಕೆಯಲ್ಲಿದೆ. ಆದರೆ ಅದು ಶುದ್ಧ ವಿಷ. ಚರ್ಮದ ಮೂಲಕವೂ ನೆಕ್ಕಿದ ನಾಲಗೆಯ ಮೂಲಕವೂ ಅದು ದೇಹಕ್ಕೆ ಸೇರುತ್ತದೆ. ಶಾಲೆಯ ಸಹೋದ್ಯೋಗಿಯೊಬ್ಬರು ಬಕೀಟು ನೀರಿಗೆ ಡೆಟಾಲ್ ಬೆರೆಸಿ ಮುಳುಗಿಸಿಬಿಡಿ ಎಂದರು. ತಾಯಿಯವರು ಸೀಗೆಪುಡಿಯ ಪಕ್ಷ. ಅಳಿಯನು ಕೂಸಿಗೆಂದು ತಂದಿದ್ದ ಶಾಂಪೂವಿನ ಪಕ್ಷ. ಎಲ್ಲ ಪಕ್ಷಗಳನ್ನೂ ಕೇಳಿ, ಯಾವುದನ್ನೂ ಅಂಗೀಕರಿಸದೆ, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಹುಡುಗನನ್ನೂ ಅವನ ತಂದೆಯನ್ನೂ ಕರೆದುಕೊಂಡು ಆಟೋದಲ್ಲಿ ಪಶುವೈದ್ಯರ ಬಳಿಗೆ ಹೊರಟೆ.

ನಾವು ಹೋದದ್ದು ಪರಿಚಯದ ವೈದ್ಯರೊಬ್ಬರ ಚಿಕಿತ್ಸಾಲಯಕ್ಕೆ. ಅವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವರು. 1958ರಲ್ಲಿ ಸ್ಥಾಪನೆಗೊಂಡ ಆ ವಿದ್ಯಾಲಯ ಈಗ ಬೀದರಿನ ವಿಶ್ವವಿದ್ಯಾಲಯದ ಆಡಳಿತಕ್ಕೆ ಸೇರಿದೆ. ವೈದ್ಯರು ಮೊದಲು ಮಾತನಾಡಲಿಲ್ಲ. ಮರಿಯನ್ನು ಅಂಗಾತ ಮಲಗಿಸಿ ನೋಡಿದರು. ಮೊಂಡು ಅಲಗಿನಿಂದ ಚರ್ಮವನ್ನು ಎರಡು ಮೂರು ಕಡೆ ಹೆರೆದು ಗಾಜಿನ ಪಟ್ಟಿಗೆ ಹಚ್ಚಿ ಸೂಕ್ಷ್ಮದರ್ಶಕದಡಿ ಇಟ್ಟರು. ಆ ಐದಾರು ನಿಮಿಷ ಹುಡುಗ ಉಸಿರಾಡಿದನೋ ಇಲ್ಲವೋ ನಾನರಿಯೆ. "ಹುಳು ಇಲ್ಲ" ಎಂದರು ವೈದ್ಯರು. ಒಂದು ಸಲ ಹೆರೆದಾಗ ಹುಳು ಸಿಗದಿರುವುದೂ ಉಂಟು. ಆದರೂ ಕೂದಲು ತೆಳುವಾಗಿ ನೆಲಕ್ಕೆ ತಾಗುವ ಜಾಗಗಳಲ್ಲಿ ಮಾತ್ರ ಕೆಂಪಾಗಿದೆ, ಕಜ್ಜಿ ಮೊದಲು ಹಿಡಿಯುವ ಕಿವಿಯ ಅಂಚು, ಮೊಣಕೈ ಶುಭ್ರವಾಗಿವೆ. ಆದ್ದರಿಂದ ಯಾವುದೋ ವಸ್ತು ತಗುಲಿ ಚರ್ಮ ಕೆರಳಿದೆ ಎಂದು ವಿವರಿಸಿದರು. ಎಲ್ಲಿ ಮಲಗುತ್ತಿತ್ತು ಎಂದು ಕೇಳಿದರು. ಹುಡುಗ ಕಾಟನ್ ವೇಸ್ಟಿನ ಸಂಗತಿಯನ್ನು ಹೇಳಿದ.

ಲೋಹವನ್ನು ಕಡೆಯುವಾಗ ಉಳಿ ಕಾಯದಂತೆ ಹರಿಸುವ ಬಿಳಿಯ ದ್ರವಕ್ಕೆ ಕೆಲಸಗಾರರು ಕೂಲೆಂಟ್ ಎನ್ನುತ್ತಾರೆ. ನೀರು, ಎಣ್ಣೆ, ಅವೆರಡನ್ನೂ ಬೆರೆಸುವ ಸಾಬೂನಿನಂತಹ ಪದಾರ್ಥ, ಕೆಡದಂತೆ ಹಾಕಿದ ಔಷಧಗಳು ಅದರಲ್ಲಿವೆ. ಅದು ಚರ್ಮದ ಜಿಡ್ಡನ್ನು ಕಿತ್ತುಹಾಕಿ ಉರಿ ಎಬ್ಬಿಸುತ್ತದೆ. ನಾಯಿಯ ಹೊರಚರ್ಮವಾದರೋ ನಮ್ಮದಕ್ಕಿಂತ ತೆಳುವು: ನಮಗೆ ಹತ್ತು ಹದಿನೈದು ಪದರ ಕೋಶಗಳಿದ್ದರೆ ಅದಕ್ಕೆ ಮೂರರಿಂದ ಐದು. ಮೇಲೆ ದಟ್ಟ ಕೂದಲಿರುವುದರಿಂದ ಕೆಳಗಿನದು ಗಟ್ಟಿಯೆಂದು ನಾವು ಭ್ರಮಿಸುತ್ತೇವೆ. ನಮ್ಮ ಚರ್ಮ ತುಸು ಹುಳಿ. ಆಮ್ಲಕ್ಷಾರಗಳ ಮಾಪನದಲ್ಲಿ ಸುಮಾರು 5.5. ನಾಯಿಯದು ನೀರಿನ ಹಾಗೆ 7ರ ಆಸುಪಾಸು. ಮನುಷ್ಯರ ಶಾಂಪೂ ಅದಕ್ಕೆ ಒಗ್ಗದಿರುವುದು ಇದರಿಂದಲೇ. ಸ್ನಾನದ ಸಾಬೂನು 9, 10ರವರೆಗೆ ಕ್ಷಾರವಾಗಿರುವುದರಿಂದ ಇನ್ನೂ ಕಠಿಣ. ಕೂಸಿನ ಶಾಂಪೂವನ್ನು ಗತ್ಯಂತರವಿಲ್ಲದಾಗ ಒಂದು ಸಲ ಬಳಸಿದರೆ ಪ್ರಮಾದವಿಲ್ಲ, ರೂಢಿ ಮಾಡಬಾರದು ಎಂದರು ವೈದ್ಯರು. ಸೀಗೆಪುಡಿ ಕಣ್ಣಿಗೆ ಬಿದ್ದರೆ ಉರಿ. ಕೂದಲ ಬುಡದಲ್ಲಿ ಉಳಿದ ಪುಡಿ ಗಾಯವನ್ನು ಕೆರಳಿಸುತ್ತದೆ. ಉಣ್ಣೆ ಕೊಲ್ಲುವ ಔಷಧದ ಶಾಂಪೂ ಇಷ್ಟು ಎಳೆಯ ಮರಿಗೆ ಸಲ್ಲದು. ಅವರು ಹೇಳಿದ್ದರಲ್ಲಿ ನನ್ನ ಮನಸ್ಸಿನಲ್ಲಿ ನಿಂತ ಮಾತೆಂದರೆ, ನಾಯಿಯ ಮೈಗೆ ಹಚ್ಚಿದ್ದೆಲ್ಲ ಸಂಜೆಯೊಳಗೆ ಅದರ ಹೊಟ್ಟೆಗೆ ಹೋಗುತ್ತದೆ ಎಂಬುದು. ನೆಕ್ಕುವ ಪ್ರಾಣಿಗೆ ಹೊರಗೆ, ಒಳಗೆ ಎಂಬ ಭೇದವಿಲ್ಲ.

ಇಷ್ಟು ಹೇಳಿ ಚೀಟಿ ಬರೆಯುತ್ತಿದ್ದವರು ತಲೆಯೆತ್ತಿ, ಮರಿಯನ್ನು ಹಿಡಿದಿದ್ದ ಹುಡುಗನ ತಂದೆಯ ಕೈಗಳನ್ನು ನೋಡಿದರು. ಬೆರಳ ಸಂದುಗಳು ಬಿರಿದು, ಮಣಿಕಟ್ಟಿನವರೆಗೆ ಕೆಂಪುಗಟ್ಟಿ ಹೊಟ್ಟೆದ್ದಿದ್ದವು. "ಇದು ಎಷ್ಟು ದಿನದಿಂದ?" ಎಂದರು.

"ಇದಾ? ಹದಿನೈದು ವರ್ಷ ಆತ್ರಿ ಸಾಹೇಬ್ರ. ಕೂಲೆಂಟಿನ್ಯಾಗ ಕೈ ಇಟ್ಟವರಿಗೆ ಎಲ್ಲಾರಿಗೂ ಇರತದ್ರಿ. ನಾಯಿಮರೀದು ವಾಸಿ ಆಗತದ ಅಲ್ರೀ?"

"ನಾನು ದನಕರುಗಳ ವೈದ್ಯ. ನೀವು ಚರ್ಮದ ವೈದ್ಯರಿಗೆ ತೋರಿಸಲೇಬೇಕು" ಎಂದು ಅವರು ಗದರಿದಂತೆ ಹೇಳಿದರು. ಕೆಲಸದಿಂದ ಬರುವ ಚರ್ಮದ ಉರಿಯೂತವೂ, ಕ್ರೋಮಿಯಂ ತಗುಲಿ ಆಗುವ ಹುಣ್ಣೂ 1948ರ ಕಾರ್ಖಾನೆಗಳ ಕಾಯಿದೆಯ ಅನುಸೂಚಿಯಲ್ಲಿ ವರದಿ ಮಾಡಬೇಕಾದ ರೋಗಗಳೆಂದು ಸೇರಿದ್ದವೆಂಬುದನ್ನು ನಾನು ತರುವಾಯ ತಿಳಿದೆ. ಕಾಗದದ ಮೇಲಿನ ಆ ಪಟ್ಟಿ ಈ ಮನುಷ್ಯನ ಕೈಯವರೆಗೆ ಬಂದಿರಲಿಲ್ಲ.

ಜಾಲಹಳ್ಳಿ ಕ್ರಾಸಿನ ಹತ್ತಿರದ ಅಂಗಡಿಯಲ್ಲಿ ನಾಯಿಗಳಿಗಾಗಿಯೇ ಒಂದು ಗೋಡೆಯಷ್ಟು ಸೀಸೆಗಳು. ಅಂಗಡಿಯ ತರುಣ "ಯಾವ ಶಾಂಪೂ ಸಾರ್?" ಎಂದುದು ನನ್ನ ಕಿವಿಗೆ "ಯಾವ ಚಂಪೂ" ಎಂದೇ ಬಿತ್ತು, ಬಾಯಿಗೆ ಪಂಪನ ಹೆಸರು ಬಂದಿತ್ತು. ಗದ್ಯಪದ್ಯಗಳು ಬೆರೆತ ಚಂಪುವಿಗೂ ಇದಕ್ಕೂ ನಂಟಿಲ್ಲ. ಒತ್ತು, ಮೈಯನ್ನು ನಾದು ಎಂಬ ಅರ್ಥದ ಹಿಂದಿಯ 'ಚಾಂಪೋ' ಎಂಬುದೇ ಇಂಗ್ಲಿಷರ ಬಾಯಲ್ಲಿ ಶಾಂಪೂ ಆಯಿತು. ಪಾಟ್ನಾದ ದೀನ್ ಮಹಮ್ಮದ್ ಎಂಬಾತ ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹ ತೆರೆದು, ಅಲ್ಲಿನ ದೊರೆಗೂ ಮೈ ನಾದುವಷ್ಟು ಪ್ರಸಿದ್ಧನಾದ. ನಮ್ಮ ಅಭ್ಯಂಜನವೇ ಸಮುದ್ರ ದಾಟಿ, ಹೆಸರು ಬದಲಿಸಿ, ಸೀಸೆಯಲ್ಲಿ ತುಂಬಿಕೊಂಡು ಮರಳಿ ಬಂದಿದೆಯೆನ್ನಬಹುದು.

ಸೀಸೆಗಳ ಮುಂಭಾಗದಲ್ಲಿ ಬರೆದಿರುವುದು ಕಾವ್ಯ, ಹಿಂಭಾಗದಲ್ಲಿ ಬರೆದಿರುವುದು ವ್ಯಾಕರಣ. ಮೃದು, ಸೌಮ್ಯ, ನೈಸರ್ಗಿಕ ಎಂಬ ವಿಶೇಷಣಗಳು ಎಲ್ಲದರ ಮೇಲೂ ಇದ್ದವು. ಕನ್ನಡಕವನ್ನು ಸರಿಪಡಿಸಿಕೊಂಡು ಹಿಂಭಾಗವನ್ನೇ ಓದಿದೆ. ಅಲ್ಲಿ ಹೆಚ್ಚು ಪ್ರಮಾಣದ್ದು ಮೊದಲು, ಕಡಿಮೆಯದು ಕೊನೆಗೆ ಬರುವುದು ವಾಡಿಕೆಯಂತೆ. ನೀರಿನ ಬೆನ್ನಿಗೇ ಸೋಡಿಯಂ ಲಾರಿಲ್ ಸಲ್ಫೇಟ್ ಎಂದಿದ್ದರೆ ಜಿಡ್ಡನ್ನು ಬಲವಾಗಿ ಕೀಳುವ ನೊರೆ; ಕೋಕಮಿಡೊಪ್ರೊಪೈಲ್ ಬೀಟೇನಿನಂತಹವು ಅದಕ್ಕಿಂತ ಸೌಮ್ಯ. ಒಂದು ಸೀಸೆಯ ಹೆಸರು ಬೇವಿನದು, ಪಟ್ಟಿಯಲ್ಲಿ ಬೇವು ಬರುವುದು ಕಟ್ಟಕಡೆಗೆ, ಬಣ್ಣ ಸುವಾಸನೆಗಳ ನೆರೆಯಲ್ಲಿ. ಮತ್ತೊಂದರಲ್ಲಿ ಟೀ ಟ್ರೀ ಎಣ್ಣೆ. ಅದು ನಾಯಿಗೆ ವಿಷಕಾರಿಯೆಂದು ವೈದ್ಯರು ಎಚ್ಚರಿಸಿದ್ದರಿಂದ ಕೆಳಗಿಟ್ಟೆ. ಹುಡುಗ ಮಲ್ಲಿಗೆಯ ಪರಿಮಳದ್ದನ್ನು ತೋರಿಸಿದ. ನಮಗಿಂತ ಸಾವಿರಾರು ಪಾಲು ಸೂಕ್ಷ್ಮವಾಗಿ ವಾಸನೆ ಹಿಡಿಯುವ ಪ್ರಾಣಿಗೆ ಮೈಯೆಲ್ಲ ಮಲ್ಲಿಗೆ ಬಳಿದರೆ ಅದು ತನ್ನನ್ನು ತಾನು ಹೇಗೆ ಗುರುತಿಸಿಕೊಳ್ಳಬೇಕು ಎಂದು ಕೇಳಿದೆ, ನಕ್ಕು ಹಿಂದಿಟ್ಟ. ಕೊನೆಗೆ ನುಣ್ಣನೆಯ ಓಟ್ಸ್ ಹಿಟ್ಟು ಸೇರಿದ, ಸುವಾಸನೆಯಿಲ್ಲದ, ಮರಿಗಳಿಗೆಂದೇ ಬರೆದಿದ್ದ ಒಂದನ್ನು ಕೊಂಡೆವು. ಓಟ್ಸ್ ತುರಿಕೆಯನ್ನು ಶಮನಗೊಳಿಸುತ್ತದೆ, ನೆಕ್ಕಿದರೂ ಕೇಡಿಲ್ಲ. ಬೆಲೆ ಕೇಳಿದ ಹುಡುಗನ ತಂದೆ ಜೇಬಿಗೆ ಕೈ ಹಾಕಿದರು. ನಾನು ತಡೆದೆ, ಅವರು ತಡೆಯಗೊಡಲಿಲ್ಲ. ಅರ್ಧರ್ಧವೆಂದು ಒಪ್ಪಂದವಾಯಿತು.

ನೀರಿನ ವಿಚಾರವೂ ಇತ್ತು. ಪೀಣ್ಯದ ಅಂತರ್ಜಲದಲ್ಲಿ ಲೇಪನದ ಕಾರ್ಖಾನೆಗಳಿಂದ ಇಳಿದ ಕ್ರೋಮಿಯಂ ಇರುವುದನ್ನು ಮಾಲಿನ್ಯ ನಿಯಂತ್ರಣ ಮಂಡಳಿಗಳು ಪರೀಕ್ಷಿಸಿ ಹೇಳಿವೆ. ಅದೂ ಚರ್ಮವನ್ನು ಕೆರಳಿಸುವಂಥದೇ. ಆದ್ದರಿಂದ ಕೊಳವೆ ಬಾವಿಯ ನೀರನ್ನು ಬಿಟ್ಟು, ಹಿಡಿದಿಟ್ಟಿದ್ದ ಕಾವೇರಿ ನೀರನ್ನು ಉಗುರುಬೆಚ್ಚಗೆ ಕಾಯಿಸಿದೆವು. ಕಿವಿಗೆ ಹತ್ತಿ, ಒಂದು ಪಾಲು ಶಾಂಪೂವಿಗೆ ಹತ್ತು ಪಾಲು ನೀರು, ಕೊರಳಿನಿಂದ ಬಾಲದ ಕಡೆಗೆ, ಮುಖಕ್ಕೆ ಒದ್ದೆ ಬಟ್ಟೆ ಮಾತ್ರ. ಐದು ನಿಮಿಷ ಬಿಟ್ಟು, ಜಾರು ಹೋಗುವವರೆಗೆ ತೊಳೆದೆವು. ತೊಳೆಯುವುದಕ್ಕೆ ಹಚ್ಚುವುದರ ಎರಡರಷ್ಟು ಹೊತ್ತು ಹಿಡಿಯಿತು. ಕಾಳಿ ಮೊದಲು ಪ್ರತಿಭಟಿಸಿ, ಆಮೇಲೆ ಹುಡುಗನ ಮೊಣಕೈಯ ಸಂದಿನಲ್ಲಿ ಮೂಗು ತೂರಿಸಿ ಸುಮ್ಮನಾಯಿತು. ತಾಯಿಯವರು ಪಡಸಾಲೆಯ ಬಾಗಿಲಲ್ಲಿ ನಿಂತು, "ಕಿವಿಯ ಹಿಂದೆ ನೊರೆ ಉಳಿದಿದೆ ನೋಡೋ" ಎಂದು ಹುಡುಗನಿಗೆ ನಿರ್ದೇಶನ ಕೊಡುತ್ತಿದ್ದರು. ತಮ್ಮದೊಂದು ಹಳೆಯ ಹತ್ತಿಯ ಸೀರೆಯನ್ನು ಒರೆಸಲು ಹರಿದುಕೊಟ್ಟವರೂ ಅವರೇ. ದೇವರ ಮನೆಯ ಕಡೆ ಸುಳಿಯಕೂಡದು ಎಂಬುದೊಂದು ಷರತ್ತು ಮಾತ್ರ ಉಳಿಯಿತು.

ವೈದ್ಯರು ಹತ್ತು ಹದಿನೈದು ದಿನಕ್ಕೊಮ್ಮೆಗಿಂತ ಹೆಚ್ಚು ಸ್ನಾನ ಬೇಡವೆಂದಿದ್ದರು. ಎರಡನೆಯ ಸ್ನಾನದ ವೇಳೆಗೆ ಕೆಂಪು ಇಳಿದಿತ್ತು. ಮೂರನೆಯದಕ್ಕೆ ಹೊಟ್ಟೆಯ ಮೇಲೆ ಎಳೆಗೂದಲು ಮೂಡಿತ್ತು. ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನೂ ಹಾಕಿಸಿದೆವು. ಹುಡುಗನ ತಂದೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಹೋಗಲು ಒಂದು ದಿನದ ರಜೆ ಹೊಂದಿಸಿಕೊಳ್ಳಲು ಎರಡು ತಿಂಗಳು ತೆಗೆದುಕೊಂಡರು. ಮುಲಾಮು ಕೊಟ್ಟಿದ್ದಾರೆ, ಕೈಗವಸು ತೊಡಲು ಹೇಳಿದ್ದಾರೆ. ತಿರುಗುವ ಯಂತ್ರದ ಮುಂದೆ ಕೈಗವಸು ಸಿಕ್ಕಿಬಿದ್ದರೆ ಬೆರಳೇ ಹೋಗುವುದರಿಂದ ಅದನ್ನು ತೊಡುವಂತಿಲ್ಲ ಎನ್ನುತ್ತಾರೆ ಅವರು. ಈಗ ಭಾನುವಾರಗಳಲ್ಲಿ ಮಗನೊಡನೆ ಬಂದು ಕಾಳಿಗೆ ಸ್ನಾನ ಮಾಡಿಸುವಾಗ, ಆ ಶಾಂಪೂ ನೀರು ತಮ್ಮ ಕೈಗೂ ಹಿತವಾಗುತ್ತದೆಂದು ಬಕೀಟಿನಲ್ಲಿ ಕೈಯದ್ದಿ ಕುಳಿತಿರುತ್ತಾರೆ.