ಕಾಣದ ಬೆಳಕಿನ ಪೆಟ್ಟಿಗೆ

ಬೆಳಕೆಂದರೆ ಕಣ್ಣಿಗೆ ಕಾಣುವಂಥದು ಎಂಬುದು ಲೋಕರೂಢಿಯ ಮಾತು. ಆದರೆ ಕಣ್ಣಿಗೆ ಕಾಣದ ಬೆಳಕೂ ಕಾಗದದ ಮೇಲೆ ಚಿತ್ರವನ್ನು ಮೂಡಿಸಬಲ್ಲದು. 1842ರಲ್ಲಿ ಆಂಗ್ಲ ವಿಜ್ಞಾನಿ ಸರ್ ಜಾನ್ ಹರ್ಷೆಲ್ ಕಬ್ಬಿಣದ ಲವಣಗಳನ್ನು ಬಳಿದ ಕಾಗದವನ್ನು ಬಿಸಿಲಿಗೊಡ್ಡಿ, ನೀರಿನಲ್ಲಿ ತೊಳೆದು, ನೀಲಿಯಚ್ಚನ್ನು ಪಡೆದನು. ಮರುವರ್ಷವೇ ಅನ್ನಾ ಆಟ್‌ಕಿನ್ಸ್ ಎಂಬ ಮಹಿಳೆ ಇದೇ ವಿಧಾನದಿಂದ ಕಡಲಪಾಚಿಗಳ ಚಿತ್ರಗಳನ್ನು ಮೂಡಿಸಿ ಗ್ರಂಥರೂಪದಲ್ಲಿ ಹೊರತರತೊಡಗಿದಳು. ಇಬ್ಬರಿಗೂ ನೆರವಾದುದು ಸೂರ್ಯನ ನೇರಳಾತೀತ ಕಿರಣ.

ಬಿಸಿಲನ್ನು ನಂಬಿದ ಕೆಲಸ ಮೋಡ ಕವಿದೊಡನೆ ಕುಂಟುತ್ತದೆ. ಆದುದರಿಂದ ಇಂದಿನ ಹವ್ಯಾಸಿಗಳು ಮರದ ಪೆಟ್ಟಿಗೆಯೊಳಗೆ ನೇರಳಾತೀತ ಎಲ್‌ಇಡಿ ದೀಪಪಟ್ಟಿಗಳನ್ನು ಅಂಟಿಸಿ, ಮನೆಯಲ್ಲಿಯೇ ಪುಟ್ಟ ಸೂರ್ಯನನ್ನು ಕಟ್ಟಿಕೊಳ್ಳುತ್ತಾರೆ. ನೀಲಿಯಚ್ಚಿಗೂ ಸ್ಕ್ರೀನ್ ಪ್ರಿಂಟಿಂಗ್‌ನ ಚೌಕಟ್ಟಿಗೂ ಅದು ಒದಗುತ್ತದೆ.

ಈ ಪೆಟ್ಟಿಗೆಯ ಯಶಸ್ಸು ವಿದ್ಯುತ್ತನ್ನು ಉಣಿಸುವ ಕ್ರಮದಲ್ಲಿದೆ. ಲೆಕ್ಕ ಸರಳವಾದುದು. ಮೀಟರಿಗೆ 4.8 ವಾಟ್ ಬೇಡುವ 5 ಮೀಟರ್ ಪಟ್ಟಿಗೆ ಒಟ್ಟು 24 ವಾಟ್ ಬೇಕು; 12 ವೋಲ್ಟಿನಲ್ಲಿ ಅದು 2 ಆಂಪಿಯರ್ ಪ್ರವಾಹ. ಪೂರೈಸುವ ಸಾಧನವು ಬಳಲದಂತೆ 2.5 ಅಥವಾ 3 ಆಂಪಿಯರ್ ಸಾಮರ್ಥ್ಯದ್ದನ್ನು ಆರಿಸುವುದು ವಿವೇಕ.

ಆದರೆ ಅಷ್ಟರಿಂದಲೇ ಕಾರ್ಯ ಮುಗಿಯದು. ಇಂಥ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೂರು ಮೂರು ದೀಪಗಳು ಒಂದೊಂದು ರೋಧಕದೊಡನೆ ಪೋಣಿಸಲ್ಪಟ್ಟಿರುತ್ತವೆ. ಮೂರೂ ದೀಪಗಳು ಕೂಡಿ ಸುಮಾರು 10 ವೋಲ್ಟನ್ನು ತೆಗೆದುಕೊಂಡರೆ ರೋಧಕಕ್ಕೆ ಉಳಿಯುವುದು 2 ವೋಲ್ಟ್. ಪಟ್ಟಿಯೊಳಗಿನ ತಾಮ್ರ ತೆಳುವಾದುದರಿಂದ ದೂರ ಸಾಗಿದಷ್ಟೂ ವೋಲ್ಟ್ ಕುಸಿಯುತ್ತದೆ. ತುದಿಯಲ್ಲಿ 1 ವೋಲ್ಟ್ ಕುಸಿದರೆ 12ರಲ್ಲಿ 1 ತಾನೇ ಎಂದು ಸುಮ್ಮನಿರುವಂತಿಲ್ಲ. ಕಳೆದುದು ರೋಧಕದ ಪಾಲಿನ 2ರಲ್ಲಿ 1. ಅಲ್ಲಿಯ ಪ್ರವಾಹ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮಂದ ನೇರಳೆ ಬೆಳಕಿನಲ್ಲಿ ಈ ಕೊರತೆ ಕಣ್ಣಿಗೆ ಹೊಳೆಯದು. ತೊಳೆದ ಕಾಗದವೇ ಅದನ್ನು ಸಾರುತ್ತದೆ: ಒಂದು ಅಂಚು ಗಾಢನೀಲಿ, ಇನ್ನೊಂದು ಅಂಚು ಪೇಲವ.

ಪರಿಹಾರವೂ ಕಠಿಣವಲ್ಲ. ಗುರುತಿರುವ ಜಾಗಗಳಲ್ಲಿ ಪಟ್ಟಿಯನ್ನು ಕತ್ತರಿಸಿ, ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸದೆ, ಪ್ರತಿಯೊಂದು ತುಂಡಿಗೂ ದಪ್ಪ ತಂತಿಯ ಮೂಲಕ ನೇರವಾಗಿ ವಿದ್ಯುತ್ತನ್ನು ಒದಗಿಸಬೇಕು. ಈ ಕಿರಣ ಕಣ್ಣಿಗೆ ಹಾನಿಕರವಾದುದರಿಂದ, ಮುಚ್ಚಳ ತೆರೆದೊಡನೆ ದೀಪವಾರುವ ಸ್ವಿಚ್ಚನ್ನು ಅಳವಡಿಸಬೇಕು. ಮಕ್ಕಳ ಕೈಗೆ ಬರುವ ಪೆಟ್ಟಿಗೆಯಾದರೆ ಇದು ಕಡ್ಡಾಯ.

ಪಾಠ ಹೇಳುವವರಿಗೆ ಈ ಪೆಟ್ಟಿಗೆಯ ನೀತಿ ಹೊಸದಲ್ಲ. ಮೂಲದಲ್ಲಿ ಶಕ್ತಿ ಎಷ್ಟೇ ಇರಲಿ, ಕೊನೆಯ ಸಾಲಿನವರೆಗೆ ಅದು ಕುಂದದೆ ತಲುಪಿದಾಗಲೇ ಚಿತ್ರ ಪೂರ್ಣವಾಗುತ್ತದೆ.