ಮಾದಳದ ಸಿಪ್ಪೆ ಮತ್ತು ಎದೆಯ ಭಾರ

ಮಳೆಗಾಲದಲ್ಲಿ ಕಾರ್ಕಳದ ಕಡೆ ಹೋದರೆ ಅಡಿಕೆ ಕೊಳೆರೋಗದ ಚಿಂತೆ, ಕಾಪು ಬದಿಯ ಶಂಕರಪುರಕ್ಕೆ ಬಂದರೆ ಮಲ್ಲಿಗೆಯ ಚಿಂತೆ. ಮದ್ದು ಬಿಡಲು ಜನ ಇಲ್ಲ, ಬ್ಯಾಂಕಿನ ಕಂತು ಮಾತ್ರ ತಪ್ಪುವುದಿಲ್ಲ. "ಎದೆ ಮೇಲೆ ಕಲ್ಲು ಇಟ್ಟ ಹಾಗೆ ಆಗ್ತದೆ, ಊಟ ಸೇರುದಿಲ್ಲ ಮಾರಾಯ್ರೆ" ಅಂತ ಹೇಳುವವರು ನಮ್ಮಲ್ಲಿ ಕಡಿಮೆ ಇಲ್ಲ.

ಚೀನಾದ ಹಳೆಯ ವೈದ್ಯಪದ್ಧತಿಯಲ್ಲಿ ಇಂಥದ್ದಕ್ಕೇ, ಅಂದರೆ ಎದೆಬಿಗಿತ, ನಿಟ್ಟುಸಿರು, ಹೊಟ್ಟೆ ಉಬ್ಬರಕ್ಕೆ, ಹುಳಿಹಣ್ಣಿನ ಸಿಪ್ಪೆ ಕೊಡುತ್ತಾರೆ. ಚಿಂತೆ ಮಾಡಿದರೆ 'ಚೀ' ಎಂಬ ಪ್ರಾಣಶಕ್ತಿ ಒಳಗೆ ಕಟ್ಟಿಕೊಳ್ಳುತ್ತದೆ, ಸಿಪ್ಪೆಯ ಪರಿಮಳ ಅದನ್ನು ಹರಿಸುತ್ತದೆ ಎಂಬುದು ಅವರ ಲೆಕ್ಕ. ಕಿತ್ತಳೆ ಜಾತಿಯ ಒಣಸಿಪ್ಪೆಗೆ ಚೆನ್‌ಪಿ ಎನ್ನುತ್ತಾರೆ, ಅಂದರೆ 'ಹಳೆಯ ಸಿಪ್ಪೆ'. ವರ್ಷಗಟ್ಟಲೆ ಇಟ್ಟಷ್ಟೂ ಬೆಲೆ ಜಾಸ್ತಿ. ಇನ್ನೊಂದು ಫೋಶೌ, 'ಬುದ್ಧನ ಕೈ'. ಬೆರಳಿನ ಹಾಗೆ ಸೀಳಿದ ಈ ಹಣ್ಣು ಬೇರೆ ಎಂತದ್ದೂ ಅಲ್ಲ, ನಮ್ಮ ಮಾದಳದ್ದೇ ಒಂದು ತಳಿ.

ನಮ್ಮಲ್ಲಿಯೂ ಚರಕ ಸಂಹಿತೆ 'ಹೃದ್ಯ' ಎಂದು ಹೇಳುವ 10 ದ್ರವ್ಯಗಳಲ್ಲಿ ಮಾತುಳುಂಗ ಉಂಟು. ಮಾತುಳುಂಗ ಅಂದರೆ ಮಾದಳ. ಅದೇ ಪಟ್ಟಿಯಲ್ಲಿ ಮಾವು, ಅಮಟೆ, ಪುನರ್ಪುಳಿ, ದಾಳಿಂಬೆಯೂ ಇವೆ. ಎಲ್ಲ ನಮ್ಮ ಹಿತ್ತಿಲಿನವೇ.

ಮಾದಳದಲ್ಲಿ ರಸ ಕಡಿಮೆ, ಸಿಪ್ಪೆ ದಪ್ಪ. ಗುರುತು ಹಿಡಿಯಲು ಎಲೆಯ ತೊಟ್ಟು ನೋಡಿ. ಚಕ್ಕೋತದ ತೊಟ್ಟಿಗೆ ಅಗಲ ರೆಕ್ಕೆ ಇರುತ್ತದೆ, ಮಾದಳಕ್ಕೆ ಇರುವುದಿಲ್ಲ. ಗೆಲ್ಲು ನೆಟ್ಟರೂ ಬದುಕುತ್ತದೆ.

ಈಗ ಮುಖ್ಯ ಮಾತು. ಅಡಿಕೆ ಮರದ ಅಡಿಯಲ್ಲಿ ಮಾದಳ ಇದ್ದರೆ ಬೋರ್ಡೊ ದ್ರಾವಣ ಅದರ ಮೇಲೂ ಬೀಳುತ್ತದೆ. ಹಣ್ಣಿನ ತಿರುಳು ತಿನ್ನುವವರಿಗೆ ಸಿಪ್ಪೆ ಸುಲಿದರೆ ಆಯಿತು. ಸಿಪ್ಪೆಯನ್ನೇ ಕುದಿಸಿ ಕುಡಿದರೆ ಮೈಲುತುತ್ತೂ ಹೊಟ್ಟೆಗೇ. ಹಾಗಾಗಿ ಮದ್ದು ತಾಗದ ಮರದ ಕಾಯಿಯೇ ಬೇಕು. ಒಣಗಿಸುವುದು ಮಳೆ ಪೂರ್ತಿ ಬಿಟ್ಟ ಮೇಲೆ. ನಮ್ಮ ಹವೆಗೆ ಅರೆಬರೆ ಒಣಗಿದ್ದು ಬೂಸ್ಟು ಹಿಡಿಯುತ್ತದೆ, ಅದನ್ನು ಎಸೆಯಿರಿ. ಬೀಪಿ, ಹೃದಯ, ನಿದ್ದೆಯ ಮಾತ್ರೆ ನುಂಗುವವರು ಮೊದಲು ಡಾಕ್ಟರಲ್ಲಿ ಕೇಳಿ. ಚಕ್ಕೋತದಂಥ ಕೆಲವು ಹುಳಿಹಣ್ಣುಗಳು ಮಾತ್ರೆಯ ಅಂಶವನ್ನು ರಕ್ತದಲ್ಲಿ ಏರಿಸುತ್ತವೆ.

ಊಟದ ಮೇಲೆ ಸಿಪ್ಪೆಯ ಒಂದು ಲೋಟ ಬಿಸಿ ಕಷಾಯ ಹಿಡಿದು ಹತ್ತು ನಿಮಿಷ ಜಗಲಿಯಲ್ಲಿ ಕೂತರೆ ಹೊಟ್ಟೆ ಹಗುರ ಆದೀತು. ಸಾಲ ಹಗುರ ಆಗುವುದಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನಿಸುತ್ತದೆ ಅಂತಾದರೆ ಸಿಪ್ಪೆ ಹುಡುಕುತ್ತಾ ಕೂರಬೇಡಿ. ಮಣಿಪಾಲ ದೂರ ಇಲ್ಲ, ಅಲ್ಲಿ ಮನೋವೈದ್ಯರಿದ್ದಾರೆ. ಹೋಗಲು ಸಂಕೋಚ ಆದರೆ ಸರಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಮದ್ದಿನ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ, ನೆರೆಮನೆಯವರಿಗೂ ಹೇಳಿ.