ಒಂದು ಹೆಚ್ಚುವರಿ ಸಮ ಚಿಹ್ನೆ

ಬಿಲ್ಡ್ ಸ್ಕ್ರಿಪ್ಟ್ ಕೆಟ್ಟರೆ ಕೂಗಬೇಕು. ಸದ್ದಿಲ್ಲದೆ ಕೆಡೋದಿದೆಯಲ್ಲ, ಅದೇ ಭಯ.

ಹಿಂದಿನ ಕಂಪನಿಯಲ್ಲಿ ನಾವ್ಯಾರೂ ಸೇರುವ ಮುಂಚಿನದೊಂದು ಸ್ಕ್ರಿಪ್ಟ್ ಇತ್ತು. ಮೊದಲ ಸಾಲಲ್ಲಿ ಎಸ್‌ಎಚ್, ಒಳಗೆಲ್ಲ ಬ್ಯಾಶ್ ಶೈಲಿ. ಹಳೆಯ ಸರ್ವರ್ ರೆಡ್‌ಹ್ಯಾಟ್. ಅಲ್ಲಿ ಎಸ್‌ಎಚ್ ಅಂದ್ರೆ ಬ್ಯಾಶೇ. ವರ್ಷಗಟ್ಟಲೆ ನಡೀತು. ಆಮೇಲೆ ಬಿಲ್ಡ್ ಉಬುಂಟುಗೆ ಹೋಯ್ತು. ಉಬುಂಟು 2006ರಲ್ಲೇ, 6.10ರಿಂದ, ಎಸ್‌ಎಚ್ ಜಾಗದಲ್ಲಿ ಡ್ಯಾಶ್ ಕೂರಿಸಿದೆ. ಚಿಕ್ಕ ಶೆಲ್, ಬೂಟ್ ಬೇಗ ಆಗ್ಲಿ ಅಂತ.

ಚೌಕ ಆವರಣದೊಳಗೆ ಎರಡು ಪದ ಹೋಲಿಸೋಕೆ ಪಾಸಿಕ್ಸ್ ಹೇಳೋದು ಒಂದೇ =. ಬ್ಯಾಶ್ ನಮ್ಮೂರ ಶೆಟ್ರಂಗಡಿ ಥರ, == ಅಂದ್ರೂ ಅರ್ಥ ಮಾಡ್ಕೊಳ್ಳುತ್ತೆ. ಡ್ಯಾಶ್ 'ಅನ್‌ಎಕ್ಸ್‌ಪೆಕ್ಟೆಡ್ ಆಪರೇಟರ್' ಅಂತ ಒಂದು ಸಾಲು ಗೊಣಗಿ, ಷರತ್ತು ಸುಳ್ಳಾಯ್ತು ಎಂಬಂತೆ ಮುಂದೆ ಹೋಗುತ್ತೆ. ತಪ್ಪಾದ್ರೆ ನಿಲ್ಲು ಅಂತ ಮೇಲೆಯೇ ಬರೆದಿದ್ರೂ ನಿಲ್ಲಲ್ಲ. ಇಫ್‌ನ ಷರತ್ತಿನಲ್ಲಾದ ಸೋಲು ಅದರ ಲೆಕ್ಕದಲ್ಲಿ ಸೋಲೇ ಅಲ್ಲ. ಸಾವಿರಾರು ಸಾಲಿನ ಲಾಗ್, ಕೊನೆಗೆ ಹಸಿರು ಟಿಕ್. ಗ್ರಾಹಕರಿಗೆ ಹೋಗಿದ್ದು ಮಾತ್ರ ಡೀಬಗ್ ಬಿಲ್ಡ್.

ಬೈಸಿಕೊಂಡವನು ಸರ್ವರ್ ಬದಲಿಸಿದ ಹುಡುಗ. ಕ್ಯಾಂಪಸ್‌ನಿಂದ ಬಂದು ಆರು ತಿಂಗಳಾಗಿತ್ತು. 'ಹಳೇದ್ರಲ್ಲಿ ಓಡ್ತಿತ್ತಲ್ಲ?' ಅನ್ನೋದೊಂದೇ ಸಾಕ್ಷಿ. ಓಡ್ತಿದ್ದದ್ದು ಸ್ಕ್ರಿಪ್ಟ್ ಸರಿ ಇದ್ದದ್ದಕ್ಕಲ್ಲ ಅಂತ ಮ್ಯಾನೇಜರಿಗೆ ಬೋರ್ಡ್ ಮೇಲೆ ಬರೆದು ತೋರಿಸೋಕೆ ಒಂದು ಮಧ್ಯಾಹ್ನ ಹಿಡೀತು.

ಮೊದಲ ಸಾಲಿಗೆ ಬ್ಯಾಶ್ ಅಂತ ಬರೆದರೆ ಮುಗೀತು ಅಂದರು ಕೆಲವರು. ಬ್ಯಾಶ್ ಬೇಕಿದ್ರೆ ಹಾಗೆ ಬರೆಯೋದೇ ಪ್ರಾಮಾಣಿಕ. ಆದ್ರೆ ಮ್ಯಾಕ್ ಜೊತೆ ಬರೋ ಬ್ಯಾಶ್ ಇನ್ನೂ 3.2ರಲ್ಲೇ ಇದೆ. ಹುಡುಗ ಡೆಬಿಯನ್‌ನವರ ಚೆಕ್‌ಬ್ಯಾಶಿಸಮ್ಸ್ ಓಡಿಸಿದ. ಅಂಥವು ಇನ್ನೂ ಹನ್ನೊಂದು ಸಿಕ್ಕವು.